ಕೊಲೆಸ್ಟ್ರಾಲ್ ಸರಿಯಿದ್ದರೂ ಸ್ಟ್ಯಾಟಿನ್ ಬೇಕೇ?

ಪ್ರಶ್ನೆ (ಗಂಗಾವತಿ): ಡಾಕ್ಟರರೇ, ನಮಸ್ಕಾರ. ನನಗೆ 43 ವರ್ಷ, ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿಪಿ, ಶುಗರ್ ಇಲ್ಲ, ಸಿಗರೇಟು ಸೇದುವುದಿಲ್ಲ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 108. ಫಂಕ್ಷನಲ್ ಮೆಡಿಸಿನ್‌ನವರೊಬ್ಬರು ವಿಡಿಯೊ ಕರೆಯಲ್ಲಿ ರಿಪೋರ್ಟ್ ನೋಡಿ, ‘ಸಿಆರ್‌ಪಿ (ರಕ್ತದಲ್ಲಿ ಉರಿಯೂತದ ಗುರುತು) 4 ಇದೆ, ಮೈಯೊಳಗೆ ಉರಿಯೂತ ಇದೆ’ ಎಂದು ರೋಸುವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ) ಗುಳಿಗೆ 5 ಮಿ.ಗ್ರಾಂ. ಬರೆದಿದ್ದಾರೆ. ಮುಂದೆ ಮರೆವಿನ ಕಾಯಿಲೆಯೂ ಬರುವುದಿಲ್ಲ, ಆಯುಷ್ಯವೂ ಹೆಚ್ಚುತ್ತದೆ ಎನ್ನುತ್ತಾರೆ. ಜೊತೆಗೆ ಕೋಕ್ಯೂ10 ಎಂಬ ಪೂರಕ ಕ್ಯಾಪ್ಸೂಲ್. ತೆಗೆದುಕೊಳ್ಳಲೇ? ಅಂದ ಹಾಗೆ, ರಕ್ತ ಕೊಟ್ಟ ವಾರ ದವಡೆ ಹಲ್ಲು ಬಾತು ಕೀವಾಗಿತ್ತು.

ಉತ್ತರ (ವೈದ್ಯರು, ಬಳ್ಳಾರಿ): ‘ಅಂದ ಹಾಗೆ’ ಎಂದು ಬರೆದಿರಲ್ಲ, ಇಡೀ ಪತ್ರದಲ್ಲಿ ಮುಖ್ಯವಾದದ್ದು ಅದೇ. ಕೀವಿನ ಹಲ್ಲಿದ್ದಾಗ ಸಿಆರ್‌ಪಿ ಏರದೇ ಇರುತ್ತದೆಯೇ? ಹಲ್ಲು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ಮಾಡಿಸಿ.

ಅವರು ಹೇಳಿದ್ದೆಲ್ಲ ಕಟ್ಟುಕತೆಯಲ್ಲ. ಸ್ಟ್ಯಾಟಿನ್ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುವುದಷ್ಟೇ ಅಲ್ಲ, ಉರಿಯೂತವನ್ನೂ ಇಳಿಸುತ್ತದೆ. ರಕ್ತನಾಳದ ಒಳಪದರಕ್ಕೂ ಒಳ್ಳೆಯದು. 2008ರ ಜುಪಿಟರ್ ಅಧ್ಯಯನದಲ್ಲಿ ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಸಿಆರ್‌ಪಿ 2 ಅಥವಾ ಹೆಚ್ಚು ಇದ್ದವರಿಗೆ ರೋಸುವಾಸ್ಟ್ಯಾಟಿನ್ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಸ್ಪಷ್ಟವಾಗಿ ಕಡಿಮೆಯಾದವು. ನಿಮಗೆ ಸಲಹೆ ಕೊಟ್ಟವರ ಮನಸ್ಸಿನಲ್ಲಿ ಇದೇ ಇದ್ದೀತು. ಆದರೆ ಅಲ್ಲಿ ಸೇರಿದ ಗಂಡಸರು 50 ದಾಟಿದವರು, ಹೆಂಗಸರು 60 ದಾಟಿದವರು. ಪ್ರಮಾಣ 20 ಮಿ.ಗ್ರಾಂ. ಸೋಂಕಿನಿಂದ ತಾತ್ಕಾಲಿಕವಾಗಿ ಸಿಆರ್‌ಪಿ ಏರಿದ 43ರ ನಿಮಗೆ ಅದನ್ನು ಅನ್ವಯಿಸುವುದು ಹೇಗೆ? ಇನ್ನು ಮರೆವು: ಅಲ್ಜೈಮರ್ ರೋಗಿಗಳಿಗೆ ಅಟೋರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ಕೊಟ್ಟು ನೋಡಿದಾಗ ರೋಗದ ಓಟ ನಿಧಾನವಾಗಲಿಲ್ಲ. ಶುಗರ್ ಗಡಿಯಲ್ಲಿರುವವರಿಗೆ ಈ ಗುಳಿಗೆ ಮಧುಮೇಹವನ್ನು ತುಸು ಬೇಗ ತರಬಹುದು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ಪರೀಕ್ಷೆ ಕೂಡ ಮಾಡಿಸಿ. ಕೋಕ್ಯೂ10ಕ್ಕೆ ಸದ್ಯ ದುಡ್ಡು ಸುರಿಯಬೇಡಿ.

ನನ್ನ ಅಭಿಪ್ರಾಯ ಬದಲಾಗುವುದು ಬೇರೆ ವಿಷಯಕ್ಕೆ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತ ಆಗಿತ್ತೇ? ಲಿಪೊಪ್ರೋಟೀನ್ ಎ ಎಂಬ ರಕ್ತಪರೀಕ್ಷೆಯನ್ನೂ ಒಮ್ಮೆ ಮಾಡಿಸಿ. ಅದು ಅಳೆಯುವ, ಹೃದಯಾಘಾತದ ಅಪಾಯ ಹೆಚ್ಚಿಸುವ ಕೊಬ್ಬಿನ ಕಣ ಬಹುಪಾಲು ವಂಶದಿಂದಲೇ ಬರುತ್ತದೆ. ಇವುಗಳಲ್ಲಿ ಏನಾದರೂ ಕಂಡರೆ ಗುಳಿಗೆಯ ಮಾತನ್ನು ಮತ್ತೆ ಆಡೋಣ. ಸಂಜೆಯ ಮಿರ್ಚಿ ಮಂಡಕ್ಕಿಯ ಸುದ್ದಿಯನ್ನು ಮಾತ್ರ ನೀವು ಜಾಣತನದಿಂದ ಬಿಟ್ಟಿದ್ದೀರಿ.

ಪ್ರಶ್ನೆ (ಕೊಪ್ಪಳ): ಸರ್, ಗುಳಿಗೆಯ ಬದಲು ರೆಡ್ ಯೀಸ್ಟ್ ರೈಸ್ (ಕೆಂಪು ಬೂಷ್ಟಿನಿಂದ ಹುದುಗಿಸಿದ ಅಕ್ಕಿ) ಕ್ಯಾಪ್ಸೂಲ್ ನೈಸರ್ಗಿಕವಲ್ಲವೇ?

ಉತ್ತರ: ಅದರಲ್ಲಿರುವ ಮೊನಾಕೊಲಿನ್ ಕೆ ಮತ್ತು ಔಷಧ ಅಂಗಡಿಯ ಲೊವಾಸ್ಟ್ಯಾಟಿನ್ ಒಂದೇ ರಾಸಾಯನಿಕ. ಹೆಸರು ಅಕ್ಕಿಯದು, ಕೆಲಸ ಗುಳಿಗೆಯದು. ಎಷ್ಟು ಪ್ರಮಾಣವಿದೆ ಎಂಬುದು ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತದೆ. ಸ್ಟ್ಯಾಟಿನ್ ಬೇಕೇಬೇಕು ಎಂದಾದರೆ ಜನೌಷಧಿ ಅಂಗಡಿಯದೇ ಅಗ್ಗ, ಅಳತೆಯೂ ಗೊತ್ತಿರುತ್ತದೆ.

ಪ್ರಶ್ನೆ (ರಾಯಚೂರು): ನಮ್ಮ ತಂದೆಯವರಿಗೆ ಸ್ಟೆಂಟ್ ಹಾಕಿದ್ದಾರೆ, ಅಟೋರ್ವಾಸ್ಟ್ಯಾಟಿನ್ 40 ನಡೆಯುತ್ತಿದೆ. ಎಲ್‌ಡಿಎಲ್ ಈಗ 60. ಮೇಲಿನದನ್ನು ಓದಿ, ‘ನನಗೂ ಬೇಡ, ನಿಲ್ಲಿಸುತ್ತೇನೆ’ ಎನ್ನುತ್ತಿದ್ದಾರೆ.

ಉತ್ತರ: ದಯವಿಟ್ಟು ನಿಲ್ಲಿಸಲು ಬಿಡಬೇಡಿ, ತಂಗಿ. 60ಕ್ಕೆ ಇಳಿಸಿರುವುದೇ ಆ ಗುಳಿಗೆ. ಹೃದ್ರೋಗ ಇದ್ದವರಲ್ಲಿ ಸ್ಟ್ಯಾಟಿನ್ ಜೀವ ಉಳಿಸುತ್ತದೆ ಎಂಬುದು 1994ರಲ್ಲೇ ಸ್ಕ್ಯಾಂಡಿನೇವಿಯಾದ 4,444 ರೋಗಿಗಳ ಅಧ್ಯಯನದಿಂದ ಖಚಿತವಾಗಿದೆ. ಮೇಲೆ ಬರೆದದ್ದು ರೋಗವಿಲ್ಲದವರ ಮಾತು, ಅಪ್ಪನವರದಲ್ಲ. ತೀವ್ರ ಮಾಂಸಖಂಡ ನೋವು ಬಂದು ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.