ಪದ ಬೇಕು (ತುರ್ತು): ಎಲೆಕ್ಟ್ರಿಕ್ ಶವರ್, ಅದರ ದಾರದ ಸ್ವಿಚ್

ಎಲ್ಲರಿಗೂ ನಮಸ್ಕಾರ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮನೆಗೆ ಎಲೆಕ್ಟ್ರಿಕ್ ಶವರ್ ಹಾಕಿಸುತ್ತಿದ್ದೇವೆ. ಶುಕ್ರವಾರ ಹಾಸನದಿಂದ ಅಪ್ಪ ಅಮ್ಮ ಬರುತ್ತಾರೆ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬಚ್ಚಲಿನ ಗೋಡೆಗೆ ಕನ್ನಡದಲ್ಲಿ ಒಂದು ಸೂಚನೆ ಅಂಟಿಸಬೇಕು. ನಾಳೆ ಸಂಜೆಯೊಳಗೆ ಪದ ಸಿಕ್ಕರೆ ಉಪಕಾರ.

ಇದರಲ್ಲಿ ನೀರು ತುಂಬಿಡುವ ಟ್ಯಾಂಕ್ ಇಲ್ಲ. ನಲ್ಲಿಯ ತಣ್ಣೀರು ನೇರ ಡಬ್ಬಿಯೊಳಗೆ ಬಂದು, ಹರಿಯುತ್ತಲೇ ಕಾದು, ಮೈಮೇಲೆ ಬೀಳುತ್ತದೆ. ಮನೆಯ ಬಾಯ್ಲರ್ ಕೆಟ್ಟರೂ ಬಿಸಿನೀರು ಬರುತ್ತದೆ. ಅದಕ್ಕೇ ಇದನ್ನು ಆರಿಸಿಕೊಂಡೆವು. 9.5 ಕಿಲೋವ್ಯಾಟ್‌ನದು. ಇಲ್ಲಿ ಬಚ್ಚಲೊಳಗೆ ನಮ್ಮೂರಿನ ಹಾಗೆ ಗೋಡೆ ಸ್ವಿಚ್ ಹಾಕುವುದಿಲ್ಲ. ಸೂರಿನಿಂದ ಒಂದು ದಾರ ಇಳಿಬಿಟ್ಟಿರುತ್ತಾರೆ. ಒಮ್ಮೆ ಎಳೆದರೆ ಆನ್, ಮತ್ತೊಮ್ಮೆ ಎಳೆದರೆ ಆಫ್. ಅದಕ್ಕೂ ಒಂದು ಪದ ಹೇಳಿ.

ಉಡುಪಿಯಿಂದ:

ಮಿಂಚುಮೀಹ. ನಮ್ಮ ಕಡೆ ಇವತ್ತಿಗೂ ‘ಮಿಂದು ಬಾ’ ಅಂತಲೇ ಹೇಳುವುದು. ಮೀ ಎನ್ನುವುದು ಅಚ್ಚ ದ್ರಾವಿಡ ಧಾತು. ಮೀ, ಮಿಂದು, ಮೀಸು ಎಲ್ಲ ಹಳಗನ್ನಡದಿಂದ ಬಂದಿವೆ. ‘ಸ್ನಾನ’ ಸಂಸ್ಕೃತ. ‘ಜಳಕ’ ಕನ್ನಡ ಅಂದುಕೊಂಡವರು ಬಹಳ ಜನ, ಅದರೊಳಗೂ ಇರುವುದು ಜಲವೇ. ದಾರಕ್ಕೆ ‘ಹುರಿ’ ಅನ್ನಿ.

ಮೈಸೂರಿನಿಂದ:

ಮಿಂಚು ಆಕಾಶದ್ದು. ಬಚ್ಚಲ ಗೋಡೆಯ ಮೇಲೆ ಆ ಪದ ನೋಡಿದರೆ ವಯಸ್ಸಾದವರು ಹೆದರುತ್ತಾರೆ. ‘ವಿದ್ಯುತ್’ ಪ್ರತಿಯೊಂದು ಕರೆಂಟ್ ಬಿಲ್ಲಿನಲ್ಲೂ ಇದೆ, ಎಲ್ಲರಿಗೂ ಗೊತ್ತು. ‘ವಿದ್ಯುತ್ ತುಂತುರುಸ್ನಾನ’ ಸರಿಹೋಗುತ್ತದೆ.

ಬೆಂಗಳೂರಿನಿಂದ:

ಶವರ್. ಅಷ್ಟೇ. ಸುಮ್ನೆ ಎಳೆಯಬೇಡಿ.

ಉಡುಪಿಯಿಂದ:

ತುಂತುರು ಅಂದರೆ ಹನಿ ಉದುರುವುದು, ಧಾರೆ ಸುರಿಯುವುದಲ್ಲ. ಇನ್ನು ‘ಶವರ್ ಅಷ್ಟೇ’ ಅನ್ನುವವರಿಗೆ ಒಂದು ಮಾತು. ಹೊಸ ವಸ್ತು ಬಂದಾಗಲೆಲ್ಲ ಹೀಗೇ ಕೈಚೆಲ್ಲಿದರೆ ನಮ್ಮ ಧಾತುಗಳು ಯಾವ ಕೆಲಸಕ್ಕೆ? ಬಳಸದೆ ಪದ ಹೇಗೆ ರೂಢಿಗೆ ಬರುತ್ತದೆ?

ಧಾರವಾಡದಿಂದ:

ಜಳಕ ನಮ್ಮ ಮನೆಮಾತು. ಅದರ ಜಾತಕ ಕೇಳಬೇಡಿ. ನಾವು ನೀರು ತುಂಬುವ ಬಾಲ್ದಿ ಪೋರ್ಚುಗೀಸರಿಂದ ಬಂತು. ಗೀಸರ್ ಐಸ್‌ಲ್ಯಾಂಡಿನ ಒಂದು ಬಿಸಿನೀರಿನ ಬುಗ್ಗೆಯ ಹೆಸರು. ಅಲ್ಲಿಯ ಭಾಷೆಯಲ್ಲಿ ಚಿಮ್ಮುವುದು ಅನ್ನುವ ಅರ್ಥದಿಂದ ಹುಟ್ಟಿದ್ದು. ಇಂಗ್ಲಿಷರು ಅದನ್ನು ಎರವಲು ಪಡೆದರು, ಅವರಿಂದ ನಾವು ಪಡೆದೆವು. ಎರವಲಿಗೆ ಯಾಕೆ ಇಷ್ಟು ಸಿಟ್ಟು? ‘ಗೀಸರ್ ಶವರ್’ ಅನ್ನಿ, ಅಮ್ಮನಿಗೆ ತಿಳಿಯುತ್ತದೆ.

ಹುಬ್ಬಳ್ಳಿಯಿಂದ:

ನಾನು ವೈರಿಂಗ್ ಕೆಲಸದವನು. ಮೇಡಂ, ‘ಗೀಸರ್’ ಪದ ಮಾತ್ರ ಬೇಡ. ನಮ್ಮ ಮನೆಗಳಲ್ಲಿ ಗೀಸರ್ ಅಂದರೆ ಒಂದು ಅಭ್ಯಾಸ: ಮೊದಲು ಆನ್ ಮಾಡು, ನೀರು ಕಾಯಲಿ, ಆಫ್ ಮಾಡು, ಆಮೇಲೆ ಸ್ನಾನಕ್ಕೆ ಹೋಗು. ಶಾಕ್ ಹೊಡೆದೀತು ಅಂತ ಮಕ್ಕಳಿಗೂ ಹೀಗೇ ಕಲಿಸಿದ್ದೇವೆ. ನಿಮ್ಮ ತಾಯಿ ಅಲ್ಲೂ ಹಾಗೇ ಮಾಡುತ್ತಾರೆ. ದಾರ ಎಳೆದು ಆಫ್ ಮಾಡಿ ನಿಂತರೆ ಬಿಸಿನೀರು ಬರುವುದೇ ಇಲ್ಲ. ಆನ್ ಇದ್ದಾಗಲೇ ಸ್ನಾನ ಮಾಡಬೇಕು ಅನ್ನುವುದು ಫಲಕದ ಮೊದಲ ಸಾಲಾಗಲಿ. ಹೆಸರು ಏನಾದರೂ ಇಟ್ಟುಕೊಳ್ಳಿ.

ಇನ್ನೊಂದು. 9.5 ಕಿಲೋವ್ಯಾಟ್ ಅಂದರೆ 230 ವೋಲ್ಟ್‌ಗೆ 41 ಆಂಪಿಯರ್. ನಮ್ಮ 3 ಕಿಲೋವ್ಯಾಟ್ ಗೀಸರ್ ಎಳೆಯುವುದು 13. ಹಳೇ ವೈರ್‌ಗೆ ಇದನ್ನು ಸೇರಿಸಬೇಡಿ. ಬೋರ್ಡಿನಿಂದಲೇ ಬೇರೆ ದಪ್ಪ ವೈರ್ ಬರಬೇಕು. ಕರೆಂಟ್ ಸೋರಿದರೆ ತಟ್ಟನೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಡಿ ಇದೆಯಾ ಕೇಳಿ.

ರೆಡಿಂಗ್‌ನಿಂದ:

ಸರ್, ತುಂಬಾ ದೊಡ್ಡ ಉಪಕಾರ. ಅಮ್ಮ ಖಂಡಿತ ಹಾಗೇ ಮಾಡುತ್ತಿದ್ದರು. ಆರ್‌ಸಿಡಿ ಇದೆ. ಬೋರ್ಡಿನಿಂದ 10 ಚದರ ಮಿಲಿಮೀಟರ್ ವೈರ್ ಬೇರೆಯಾಗಿಯೇ ಎಳೆಯುತ್ತಾರೆ. ಇಂಗ್ಲೆಂಡಿನಲ್ಲಿ ಇಂಥ ಹೊಸ ಲೈನ್ ಎಳೆದರೆ ಕಟ್ಟಡ ನಿಯಮದ ಪ್ರಕಾರ ಪ್ರಮಾಣಪತ್ರ ಕೊಡಬೇಕು. ಅದನ್ನು ಕೊಡಬಲ್ಲವರನ್ನೇ ಕರೆದಿದ್ದೇವೆ.

ನಮ್ಮ ಶವರ್‌ನಲ್ಲಿ ಗುಂಡಿ ಒತ್ತಿ ನಿಲ್ಲಿಸಿದ ಮೇಲೂ ಕೆಲವು ಸೆಕೆಂಡ್ ನೀರು ಬರುತ್ತದೆ. ಒಳಗೆ ಉಳಿದ ಬಿಸಿನೀರು ಹೊರಗೆ ಹೋಗಲಿ ಅಂತ. ಅದು ನಿಂತ ಮೇಲೇ ದಾರ ಎಳೆಯಬೇಕು. ಚಳಿಗಾಲದಲ್ಲಿ ನಲ್ಲಿಯ ನೀರು ಇನ್ನೂ ತಣ್ಣಗಿರುವುದರಿಂದ ಬಿಸಿ ಬೇಕಾದರೆ ಧಾರೆ ಸಣ್ಣದಾಗುತ್ತದೆ. ಕೆಟ್ಟಿದೆ ಅಂದುಕೊಳ್ಳಬಾರದಲ್ವಾ, ಅದನ್ನೂ ಸೇರಿಸಿದ್ದೇನೆ. ಹೀಗೆ ಬರೆದೆ:

ಬಿಸಿನೀರಿನ ಶವರ್
ಹುರಿ ಎಳೆದು ಆನ್ ಮಾಡಿ. ಆನ್ ಇದ್ದಾಗಲೇ ಸ್ನಾನ ಮಾಡಿ.
ಮುಗಿದ ಮೇಲೆ ಗುಂಡಿ ಒತ್ತಿ. ನೀರು ಪೂರ್ತಿ ನಿಲ್ಲಲಿ. ಆಮೇಲೆ ಹುರಿ ಎಳೆದು ಆಫ್ ಮಾಡಿ.
ಚಳಿಗಾಲದಲ್ಲಿ ನೀರು ಸಣ್ಣಗೆ ಬರುತ್ತದೆ. ಕೆಟ್ಟಿಲ್ಲ.

ಉಡುಪಿಯಿಂದ:

ಹುರಿ ಉಳಿಯಿತು, ಸಂತೋಷ. ‘ಆಫ್ ಮಾಡಿ’ ತೆಗೆದು ‘ಆರಿಸಿ’ ಹಾಕಿ. ದೀಪಕ್ಕೆ ಹೇಳುವುದಿಲ್ಲವೇ?

ಹುಬ್ಬಳ್ಳಿಯಿಂದ:

ಬೇಡ. ‘ಆರಿಸಿ’ ಅಂದರೆ ಆಯ್ಕೆ ಮಾಡಿ ಅಂತಲೂ ಓದಬಹುದು. ಕರೆಂಟ್ ವಿಷಯದಲ್ಲಿ ಎರಡು ಅರ್ಥದ ಪದ ಇಡಬಾರದು. ಆಫ್ ಇರಲಿ.