ಕೋಡಿಯಲ್ಲಿ ಮದುವೆಯ 4ಕೆ ವಿಡಿಯೊ ಮಾತ್ರ ತಡೆತಡೆದು ಓಡುತ್ತಿದೆ, ಕಾರಣವೇನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ 43 ಇಂಚಿನ 4ಕೆ ಟಿವಿಗೆ 4 ಜಿಬಿಯ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಜೋಡಿಸಿ, ಅದರಲ್ಲಿ ಕೋಡಿ ಓಡಿಸಲೆಂದೇ ಇರುವ ಲಿಬ್ರಎಲೆಕ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಂಡು, ವಿಡಿಯೊ, ಹಾಡು ಓಡಿಸುವ ತಂತ್ರಾಂಶವಾದ ಕೋಡಿ 21ರಲ್ಲಿ ಚಲನಚಿತ್ರ, ಯಕ್ಷಗಾನದ ಧ್ವನಿಮುದ್ರಣ, ಮನೆಯ ಫೋಟೊ ಎಲ್ಲವನ್ನೂ ನೋಡುತ್ತ ಬಂದಿದ್ದೇವೆ. ಇದುವರೆಗೆ ಯಾವ ತೊಂದರೆಯೂ ಇರಲಿಲ್ಲ.

ಕಳೆದ ವೈಶಾಖದಲ್ಲಿ ಸಾಗರದ ಹತ್ತಿರದ ನಮ್ಮೂರಿನಲ್ಲಿ ತಂಗಿಯ ಮದುವೆಯಾಯಿತು. ವಿಡಿಯೊ ತೆಗೆದವರು 1 ಗಂಟೆ 42 ನಿಮಿಷದ ಒಂದೇ ಫೈಲನ್ನು ಹಾರ್ಡ್ ಡಿಸ್ಕಿಗೆ ಹಾಕಿಕೊಟ್ಟಿದ್ದಾರೆ; ಗಾತ್ರ ಸುಮಾರು 46 ಜಿಬಿ. ಇದೊಂದು ಫೈಲು ಮಾತ್ರ ಕೋಡಿಯಲ್ಲಿ ಸರಿಯಾಗಿ ಓಡುವುದಿಲ್ಲ. ವಾಲಗದ ಸದ್ದು, ಮಂತ್ರ, ಜನರ ಮಾತು ಎಲ್ಲ ಸರಾಗವಾಗಿ ಕೇಳಿಸುತ್ತದೆ, ಆದರೆ ಚಿತ್ರ ಹಿಂದೆ ಬೀಳುತ್ತದೆ, ಒಮ್ಮೆ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಧಾರೆ ಎರೆಯುವಾಗ ಅಮ್ಮನ ಕೈಯಲ್ಲಿದ್ದ ಗಿಂಡಿಯ ನೀರು ಎಳೆಯಾಗಿ ಬೀಳುವುದೇ ಕಾಣುವುದಿಲ್ಲ. ಗಿಂಡಿ ಬಾಗಿದ್ದು ಕಾಣುತ್ತದೆ, ಮುಂದಿನ ಕ್ಷಣದಲ್ಲಿ ಎಲ್ಲರೂ ಎದ್ದು ನಿಂತಿರುತ್ತಾರೆ. ಮಂಡಿ ನೋವಿನಿಂದ ಮಂಟಪದ ಹತ್ತಿರ ಬರಲಾಗದೆ ಜಗಲಿಯಲ್ಲೇ ಕುಳಿತಿದ್ದ ಅಜ್ಜಿಗೆ ತೋರಿಸಬೇಕೆಂದಿದ್ದ ಭಾಗವೇ ಅದು.

ನನಗೆ ಅರ್ಥವಾಗದಿರುವುದು ಏನೆಂದರೆ, ಇದೇ ಡಿಸ್ಕಿನಲ್ಲಿರುವ 4ಕೆ ಸಾಕ್ಷ್ಯಚಿತ್ರವೊಂದು ಇದೇ ಪೈಯಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ. ಫೋನಿನಲ್ಲಿ ತೆಗೆದ 4ಕೆ ತುಣುಕುಗಳೂ ಓಡುತ್ತವೆ. ಮದುವೆಯ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಇದೆ. ಎಚ್‌ಡಿಎಂಐ ಕೇಬಲ್ ಬದಲಿಸಿದ್ದೇನೆ, ಲಿಬ್ರಎಲೆಕ್ ಹೊಸದಾಗಿ ಹಾಕಿದ್ದೇನೆ, ಆಡ್-ಆನ್‌ಗಳನ್ನೆಲ್ಲ ತೆಗೆದಿದ್ದೇನೆ, ವ್ಯತ್ಯಾಸವಾಗಲಿಲ್ಲ. ಪೈಯ ಶಕ್ತಿ ಸಾಲದೆಂದಾದರೆ ಉಳಿದ 4ಕೆ ವಿಡಿಯೊಗಳು ಹೇಗೆ ಓಡುತ್ತವೆ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1

ಸೆಟ್ಟಿಂಗ್ ಯಾವುದನ್ನೂ ಇನ್ನು ಮುಟ್ಟಬೇಡಿ. ಮೊದಲು ಎರಡು ಸಂಗತಿ ನೋಡಿ ತಿಳಿಸಿ.

ಪೈಗೆ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ, ಮದುವೆಯ ವಿಡಿಯೊ ಓಡುತ್ತಿರುವಾಗಲೇ ಇಂಗ್ಲಿಷಿನ ಓ ಅಕ್ಷರವನ್ನು ಒತ್ತಿ. ಪರದೆಯ ಮೇಲೆ ಕೆಲವು ಸಾಲುಗಳು ಬರುತ್ತವೆ. ವಿಡಿಯೊ ಡಿಕೋಡರ್ ಎಂಬ ಸಾಲಿನ ಕೊನೆಯಲ್ಲಿ ಎಚ್‌ಡಬ್ಲ್ಯು ಎಂದಿದ್ದರೆ ವಿಡಿಯೊ ಬಿಡಿಸುವ ಕೆಲಸವನ್ನು ಅದಕ್ಕೆಂದೇ ಇರುವ ಚಿಪ್ಪಿನ ಭಾಗ ಮಾಡುತ್ತಿದೆ ಎಂದರ್ಥ. ಎಸ್‌ಡಬ್ಲ್ಯು ಎಂದಿದ್ದರೆ ಆ ಹೊರೆಯೆಲ್ಲ ಸಿಪಿಯುವಿನ ತಲೆಯ ಮೇಲೆ ಬಿದ್ದಿದೆ. ಕೆಳಗೆ ಸಿಪಿಯು ಬಳಕೆಯ ಅಂಕಿಗಳೂ ಇರುತ್ತವೆ, ಅವನ್ನೂ ಬರೆದುಕೊಳ್ಳಿ. ನಂತರ ಸಾಕ್ಷ್ಯಚಿತ್ರ ಹಾಕಿ ಅದೇ ರೀತಿ ನೋಡಿ.

ಎರಡನೆಯದು, ವಿಡಿಯೊ ಓಡುವಾಗ ಪರದೆಯ ಬಲ ಮೇಲ್ತುದಿಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತದೆಯೇ ಎಂದು ಗಮನಿಸಿ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು, ಅದರಲ್ಲೂ ಯುಎಸ್‌ಬಿ ಸಾಧನಗಳಿಗೆಲ್ಲ ಸೇರಿ ಪೈ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ಸಾಧಾರಣ ಫೋನ್ ಚಾರ್ಜರ್ ಬಳಸಿ ಡಿಸ್ಕನ್ನೂ ಜೋಡಿಸಿದರೆ ವೋಲ್ಟೇಜ್ ಕುಸಿದು, ಪೈ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕಾವು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗಲೂ ಹಾಗೆಯೇ ಮಾಡುತ್ತದೆ.

ಉತ್ತರ 2

ನಮ್ಮ ಮನೆಯಲ್ಲಿಯೂ ಇಂಥದೇ ತೊಂದರೆ ಇತ್ತು. ಕೋಡಿ 21ರಲ್ಲಿ ಸೆಟ್ಟಿಂಗ್ಸ್, ಸರ್ವಿಸಸ್, ಕ್ಯಾಶಿಂಗ್ ಎಂಬಲ್ಲಿಗೆ ಹೋದರೆ ವಿಡಿಯೊ ಮಾಹಿತಿಯನ್ನು ಮುಂಗಡವಾಗಿ ಕೂಡಿಟ್ಟುಕೊಳ್ಳುವ ಮೆಮೊರಿಯ (ಕ್ಯಾಶ್) ಗಾತ್ರ 20 ಎಂಬಿ ಎಂದಿರುತ್ತದೆ. ನಾನು ಅದನ್ನು 128ಕ್ಕೆ ಏರಿಸಿದ ಮೇಲೆ ಸರಿಹೋಯಿತು. ಮೊದಲಿನ ಆವೃತ್ತಿಗಳಲ್ಲಿ ಇದಕ್ಕಾಗಿ ಪ್ರತ್ಯೇಕ ಫೈಲೊಂದನ್ನು ಕೈಯಾರೆ ಬರೆದು ಇಡಬೇಕಾಗಿತ್ತು, ಈಗ ಸುಲಭ. ನನ್ನ ವಿಡಿಯೊಗಳು ಇನ್ನೊಂದು ಕೋಣೆಯ ಕಂಪ್ಯೂಟರಿನಿಂದ ವೈಫೈ ಮೂಲಕ ಬರುತ್ತವೆ ಎಂಬುದನ್ನೂ ಹೇಳಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಹೇಳಿದಂತೆ ನೋಡಿದೆ.

ಮದುವೆಯ ವಿಡಿಯೊ: ಎಚ್.264, 3840 × 2160, ಸೆಕೆಂಡಿಗೆ 25 ಫ್ರೇಮು, ಡಿಕೋಡರ್ ಸಾಲಿನ ಕೊನೆಯಲ್ಲಿ ಎಸ್‌ಡಬ್ಲ್ಯು. ಸಿಪಿಯುವಿನ ನಾಲ್ಕೂ ಕೋರ್‌ಗಳು ನೂರರ ಆಸುಪಾಸಿನಲ್ಲೇ ಇವೆ. ಸಾಕ್ಷ್ಯಚಿತ್ರ: ಎಚ್‌ಇವಿಸಿ, ಅಗಲ ಎತ್ತರ ಅಷ್ಟೇ, ಸೆಕೆಂಡಿಗೆ 23.976 ಫ್ರೇಮು, ಎಚ್‌ಡಬ್ಲ್ಯು. ಸಿಪಿಯು ಬಹುತೇಕ ಸುಮ್ಮನೆ ಕುಳಿತಿದೆ. ಫೋನಿನ ತುಣುಕುಗಳೂ ಎಚ್‌ಇವಿಸಿ ಎಂದೇ ತೋರಿಸುತ್ತಿವೆ. ಅಡಾಪ್ಟರ್ 3 ಆಂಪಿಯರಿನದು, ಮಿಂಚಿನ ಗುರುತು ಬರಲಿಲ್ಲ. ಕ್ಯಾಶ್ 128ಕ್ಕೆ ಏರಿಸಿ ನೋಡಿದೆ, ಮೊದಲಿನಂತೆಯೇ ಇದೆ.

ಉತ್ತರ 3

ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದ ಆ ಎರಡು ಸಾಲುಗಳಲ್ಲಿ ಇದೆ. ವ್ಯತ್ಯಾಸವಿರುವುದು 4ಕೆ ಎಂಬ ಅಳತೆಯಲ್ಲಲ್ಲ, ಚಿತ್ರವನ್ನು ಯಾವ ಬಗೆಯಲ್ಲಿ ಕುಗ್ಗಿಸಿ ಇಟ್ಟಿದ್ದಾರೆ ಎಂಬುದರಲ್ಲಿ.

ವಿಡಿಯೊ ಫೈಲಿನಲ್ಲಿ ಇಡೀ ಇಡೀ ಚಿತ್ರಗಳು ಸಾಲಾಗಿ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ, ನಡುವೆ ಹಿಂದು ಮುಂದಿನ ಚಿತ್ರಗಳಿಗಿಂತ ಬದಲಾದದ್ದೇನು ಎಂಬ ವಿವರ ಮಾತ್ರ ಇರುತ್ತದೆ. ಅದರಿಂದ ಪ್ರತಿ ಫ್ರೇಮನ್ನೂ ಮತ್ತೆ ಕಟ್ಟಿಕೊಳ್ಳುವ ಕೆಲಸವೇ ಡಿಕೋಡಿಂಗ್. ಸೆಕೆಂಡಿಗೆ 25 ಫ್ರೇಮು ಎಂದರೆ ಒಂದೊಂದು ಫ್ರೇಮಿಗೂ ಸಿಗುವ ಸಮಯ 40 ಮಿಲಿಸೆಕೆಂಡು, ಒಂದೊಂದರಲ್ಲಿಯೂ 80 ಲಕ್ಷಕ್ಕಿಂತ ಹೆಚ್ಚು ಬಿಂದುಗಳು. ಇಷ್ಟನ್ನು ಸರಾಗವಾಗಿ ಮಾಡಬೇಕಾದರೆ ಅದಕ್ಕೆಂದೇ ರೂಪಿಸಿದ ಯಂತ್ರಾಂಶ ಬೇಕು. 2019ರಲ್ಲಿ ಬಂದ ಪೈ 4ರ ಚಿಪ್ಪಿನಲ್ಲಿ ಎಚ್‌ಇವಿಸಿಗೆ, ಅಂದರೆ ಎಚ್.265ಕ್ಕೆ, ಹೊಸದಾಗಿ ಕೊಟ್ಟ ಡಿಕೋಡರ್ 4ಕೆ ಅಳತೆಯಲ್ಲಿ ಸೆಕೆಂಡಿಗೆ 60 ಫ್ರೇಮಿನವರೆಗೂ ಓಡುತ್ತದೆ. ಆದರೆ ಅದೇ ಚಿಪ್ಪಿನ ಎಚ್.264 ಡಿಕೋಡರ್‌ನ ಮಿತಿ 1080ಪಿ, ಅಂದರೆ 1920 × 1080. ಅದಕ್ಕಿಂತ ದೊಡ್ಡ ಎಚ್.264 ಚಿತ್ರ ಬಂದರೆ ಕೋಡಿ ಬೇರೆ ದಾರಿಯಿಲ್ಲದೆ ಸಿಪಿಯುವಿಗೆ ಒಪ್ಪಿಸುತ್ತದೆ. ಹಳೆಯ ಬಗೆಯದು ಸುಲಭ, ಹೊಸ ಬಗೆಯದು ಕಷ್ಟ ಎಂದು ನಾವು ಅಂದುಕೊಳ್ಳುತ್ತೇವೆ. ಈ ಯಂತ್ರದಲ್ಲಿ ಅದು ತಿರುಗುಮುರುಗು.

ಸದ್ದು ಸರಿಯಾಗಿದ್ದು ಚಿತ್ರ ಮಾತ್ರ ಜಿಗಿಯುವುದಕ್ಕೂ ಇದೇ ಕಾರಣ. ಧ್ವನಿ ತುಂಡಾದರೆ ಕಿವಿ ಸಹಿಸುವುದಿಲ್ಲವಾದ್ದರಿಂದ ಕೋಡಿ ಧ್ವನಿಯ ಗಡಿಯಾರವನ್ನೇ ಹಿಡಿದು ನಡೆಯುತ್ತದೆ, ಚಿತ್ರ ಹಿಂದೆ ಬಿದ್ದಾಗ ನಡುವಿನ ಫ್ರೇಮುಗಳನ್ನು ಬಿಟ್ಟು ಧ್ವನಿಯನ್ನು ಹಿಡಿಯಲು ನೋಡುತ್ತದೆ. ನಿಮ್ಮ ತಾಯಿಯವರ ಗಿಂಡಿಯ ನೀರು ಹೋದದ್ದು ಹಾಗೆ ಬಿಟ್ಟ ಫ್ರೇಮುಗಳಲ್ಲಿ.

ಕ್ಯಾಶ್ ಹೆಚ್ಚಿಸಿ ಎಂದ ಮಿತ್ರರ ಮಾತು ಅವರ ಮನೆಗೆ ಸರಿಯಾದದ್ದೇ. ವೈಫೈಯಲ್ಲಿ ಮಾಹಿತಿ ಬರುವುದೇ ತಡವಾದರೆ ದೊಡ್ಡ ಕ್ಯಾಶ್ ಒಂದಷ್ಟು ಮುಂಗಡ ಕೂಡಿಟ್ಟುಕೊಳ್ಳುತ್ತದೆ. ಆಗ ಲಕ್ಷಣವೂ ಬೇರೆ: ಧ್ವನಿಯೂ ಚಿತ್ರವೂ ಒಟ್ಟಿಗೆ ನಿಂತು, ಬಫರಿಂಗ್ ಎಂಬ ಸುತ್ತುವ ಗುರುತು ಬರುತ್ತದೆ. ನಿಮ್ಮ ಫೈಲಿನ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 60 ಮೆಗಾಬಿಟ್, ಅಂದರೆ ಏಳೂವರೆ ಮೆಗಾಬೈಟ್ ಬೇಕು. ಯುಎಸ್‌ಬಿ ಡಿಸ್ಕಿಗೆ ಅದು ಏನೂ ಅಲ್ಲ. ಉಗ್ರಾಣದಲ್ಲಿ ಅಕ್ಕಿ ಬೇಕಾದಷ್ಟಿದೆ, ಬೇಯಿಸುವ ಒಲೆ ಚಿಕ್ಕದು, ಅಷ್ಟೇ. ಏರಿಸಿದ ಕ್ಯಾಶನ್ನು ಮತ್ತೆ ಮೊದಲಿನಂತೆ ಇಟ್ಟುಬಿಡಿ.

ಹೊಸ ಪೈ 5 ಕೊಳ್ಳಲು ಆತುರಪಡಬೇಡಿ. ಅದರಲ್ಲಿ ಎಚ್‌ಇವಿಸಿ ಡಿಕೋಡರ್ ಇದೆಯಾದರೂ ಎಚ್.264ಕ್ಕೆ ಯಂತ್ರಾಂಶವೇ ಇಲ್ಲ. ಸಿಪಿಯು ಬಲವಾಗಿರುವುದರಿಂದ 1080ಪಿ ನಿಭಾಯಿಸುತ್ತದೆ, ಆದರೆ ನಿಮ್ಮಂಥ 4ಕೆ ಫೈಲಿಗೆ ಅದನ್ನು ನೆಚ್ಚಿ ಹಣ ಹಾಕಿ ಎಂದು ನಾನು ಹೇಳಲಾರೆ. ಫೈಲನ್ನೇ ಎಚ್.265ಕ್ಕೆ ಬದಲಿಸಿಕೊಳ್ಳುವುದು ಖರ್ಚಿಲ್ಲದ ದಾರಿ. ಲ್ಯಾಪ್‌ಟಾಪಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ವಿಡಿಯೊ ಎನ್‌ಕೋಡರ್‌ನಲ್ಲಿ ಎಚ್.265 ಆರಿಸಿ, ಅಳತೆ 2160ಪಿಯಲ್ಲೇ ಇದೆಯೇ ಎಂದು ಖಚಿತಪಡಿಸಿಕೊಂಡು, ಗುಣಮಟ್ಟದ ಆರ್‌ಎಫ್ ಅಂಕಿಯನ್ನು 20ರಲ್ಲಿ ಇಡಿ. ಫ್ರೇಮ್ ರೇಟ್ ಮೂಲದಲ್ಲಿರುವಂತೆಯೇ ಇರಲಿ, ಕಾನ್‌ಸ್ಟಂಟ್ ಎಂಬುದನ್ನು ಆರಿಸಿ. ಧ್ವನಿಯನ್ನು ಪಾಸ್‌ಥ್ರೂ ಮಾಡಿದರೆ ಅದು ಹಾಗೆಯೇ ಉಳಿಯುತ್ತದೆ. ಇಡೀ ಫೈಲನ್ನು ಒಮ್ಮೆಲೇ ಹಾಕಬೇಡಿ. ರೇಂಜ್ ಎಂಬಲ್ಲಿ ಸೆಕೆಂಡುಗಳನ್ನು ಕೊಟ್ಟು ಧಾರೆಯ ಎರಡು ನಿಮಿಷವನ್ನಷ್ಟೇ ಬದಲಿಸಿ, ಪೈಯಲ್ಲಿ ಓಡಿಸಿ, ಓ ಒತ್ತಿ ಎಚ್‌ಡಬ್ಲ್ಯು ಬರುತ್ತದೆಯೇ ನೋಡಿ, ಆಮೇಲೆ ಉಳಿದದ್ದು.

ಪ್ರಶ್ನೆ ಕೇಳಿದವರು

ಎರಡು ನಿಮಿಷದ ತುಣುಕು ಮೊದಲ ಸಲವೇ ಸರಿಯಾಗಿ ಓಡಿತು. ಇಡೀ ಫೈಲನ್ನು ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿಗೆ ಹಚ್ಚಿ ಮಲಗಿದೆ, ಮರುದಿನ ಮಧ್ಯಾಹ್ನದ ಹೊತ್ತಿಗೆ ಮುಗಿದಿತ್ತು. 46 ಜಿಬಿ ಇದ್ದದ್ದು 14 ಜಿಬಿಯಾಗಿದೆ, ಟಿವಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೂ ನನ್ನ ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ. ಎಚ್‌ಡಬ್ಲ್ಯು ಎಂದು ಬರುತ್ತಿದೆ, ಜಿಗಿತ ಪೂರ್ತಿ ನಿಂತಿದೆ.

ಆದರೆ ಇನ್ನೊಂದು ಸೂಕ್ಷ್ಮ ಈಗ ಕಣ್ಣಿಗೆ ಬೀಳುತ್ತಿದೆ. ಕ್ಯಾಮೆರಾ ಚಪ್ಪರದ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ನಿಧಾನವಾಗಿ ತಿರುಗುವಾಗ ಅಡಿಕೆಯ ಸಿಂಗಾರ, ಮಾವಿನ ತೋರಣ ಎಲ್ಲ ಸಣ್ಣಗೆ ನಡುಗಿದ ಹಾಗೆ, ಸಮನಾಗಿ ಜಾರದೆ ಎಡವಿ ಎಡವಿ ಸಾಗಿದ ಹಾಗೆ ಕಾಣುತ್ತದೆ. ಎದುರು ನಿಂತು ಮಾತನಾಡುವವರ ದೃಶ್ಯದಲ್ಲಿ ಇದು ತೋರುವುದಿಲ್ಲ. ಸಿಪಿಯು ಆರಾಮಾಗಿಯೇ ಇದೆ.

ಉತ್ತರ 1

ಇದು ಬೇರೆಯೇ ದೋಷ, ಮೊದಲಿನದರ ಮರೆಯಲ್ಲಿ ಇಷ್ಟು ದಿನ ಅಡಗಿತ್ತು. ನಿಮ್ಮ ಟಿವಿ ಸೆಕೆಂಡಿಗೆ 60 ಸಲ ಪರದೆಯನ್ನು ಹೊಸದಾಗಿ ಬರೆಯುತ್ತಿದೆ, ವಿಡಿಯೊ 25 ಫ್ರೇಮಿನದು. 60ನ್ನು 25ರಿಂದ ಭಾಗಿಸಿದರೆ 2.4 ಬರುತ್ತದೆ, ಒಂದು ಫ್ರೇಮನ್ನು 2.4 ಸಲ ತೋರಿಸಲು ಬಾರದಾದ್ದರಿಂದ ಕೆಲವು ಫ್ರೇಮುಗಳು ಎರಡು ಸಲ, ಕೆಲವು ಮೂರು ಸಲ ಬರುತ್ತವೆ. ತಾಳ ತಪ್ಪಿದ ಹಾಗೆ ಕಣ್ಣಿಗೆ ಅನಿಸುವುದು ಅದರಿಂದಲೇ, ಮತ್ತು ಚಿತ್ರವೆಲ್ಲ ಒಂದೇ ದಿಕ್ಕಿಗೆ ಚಲಿಸುವಾಗ ಅದು ಎದ್ದು ಕಾಣುತ್ತದೆ. ನಮ್ಮಲ್ಲಿ ದೂರದರ್ಶನದ ಕಾಲದಿಂದ 25 ಫ್ರೇಮಿನ ಪದ್ಧತಿಯೇ ಬಂದಿರುವುದರಿಂದ ಮದುವೆಯ ವಿಡಿಯೊಗಳು ಹೆಚ್ಚಾಗಿ ಇದೇ ಲೆಕ್ಕದಲ್ಲಿರುತ್ತವೆ, ಆದರೆ ಪೈಯಂಥ ಪೆಟ್ಟಿಗೆಗಳು ಟಿವಿಗೆ ಜೋಡಿಸಿದಾಗ ಸಾಮಾನ್ಯವಾಗಿ 60 ಹರ್ಟ್ಸ್‌ನಲ್ಲೇ ನಿಲ್ಲುತ್ತವೆ.

ಸೆಟ್ಟಿಂಗ್ಸ್, ಪ್ಲೇಯರ್, ವಿಡಿಯೋಸ್ ಎಂಬಲ್ಲಿ ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್ ಎಂಬುದನ್ನು ಆನ್ ಸ್ಟಾರ್ಟ್/ಸ್ಟಾಪ್‌ಗೆ ಬದಲಿಸಿ. ಆಗ ವಿಡಿಯೊ ಆರಂಭವಾಗುವಾಗ ಕೋಡಿ ಟಿವಿಯನ್ನು 25 ಅಥವಾ 50 ಹರ್ಟ್ಸ್‌ಗೆ ತರುತ್ತದೆ, ಮುಗಿದ ಮೇಲೆ ಮೊದಲಿನ ಸ್ಥಿತಿಗೆ ಮರಳಿಸುತ್ತದೆ. ಬದಲಾಗುವಾಗ ಪರದೆ ಒಂದೆರಡು ಸೆಕೆಂಡು ಕಪ್ಪಾಗುವುದು ಸಹಜ. ಜೊತೆಗೆ ಸೆಟ್ಟಿಂಗ್ ಮಟ್ಟವನ್ನು ಎಕ್ಸ್‌ಪರ್ಟ್‌ಗೆ ಏರಿಸಿ, ಸಿಸ್ಟಮ್, ಡಿಸ್‌ಪ್ಲೇ ಎಂಬಲ್ಲಿ ಕೋಡಿಯ ಪರದೆಯನ್ನು 1920 × 1080ರಲ್ಲೇ ಇಟ್ಟು, ವೈಟ್‌ಲಿಸ್ಟ್‌ನಲ್ಲಿ (ಕೋಡಿ ಟಿವಿಗೆ ಕಳಿಸಬಹುದಾದ ಅಳತೆ, ರಿಫ್ರೆಶ್ ರೇಟ್‌ಗಳ ಪಟ್ಟಿ) ನಿಮ್ಮ ಟಿವಿ ಒಪ್ಪುವ 1080ಪಿ ಮತ್ತು 3840 × 2160 ಸಾಲುಗಳನ್ನೆಲ್ಲ ಗುರುತು ಹಾಕಿ. ಮೆನುಗಳನ್ನು 4ಕೆಯಲ್ಲಿ ಬರೆಯುವ ಅನಗತ್ಯ ಹೊರೆ ಪೈಗೆ ತಪ್ಪುತ್ತದೆ, ವಿಡಿಯೊ ಮಾತ್ರ ಪೂರ್ಣ ಅಳತೆಯಲ್ಲಿ ಬರುತ್ತದೆ. ನಿಮ್ಮ ಸಾಕ್ಷ್ಯಚಿತ್ರದ 23.976ಕ್ಕೂ ಇದರಿಂದ ಅನುಕೂಲವೇ: 24 ಹರ್ಟ್ಸ್‌ನಲ್ಲಿ ಅದನ್ನು ಓಡಿಸಿದರೂ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಎಡವು ಉಳಿಯುತ್ತದೆ, ಪಟ್ಟಿಯಲ್ಲಿ 23.976 ಎಂಬ ಸಾಲೂ ಗುರುತಾಗಿದ್ದರೆ ಅದೂ ಇರುವುದಿಲ್ಲ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಮನೆಯಲ್ಲಿ ಉಪನಯನ, ಗೃಹಪ್ರವೇಶ ಎಂದು ಮುಂದೆ ವಿಡಿಯೊ ತೆಗೆಸುವವರು ಮೊದಲೇ ಎಚ್.265ರ ಒಂದು ಪ್ರತಿಯನ್ನು, 8 ಅಥವಾ 10 ಬಿಟ್, 4:2:0 ಬಣ್ಣದ ಪದ್ಧತಿಯಲ್ಲಿ ಕೇಳಿ ಪಡೆಯಿರಿ. ಈಗಿನ ಕೆಲವು ಕ್ಯಾಮೆರಾಗಳು 4:2:2 ಪದ್ಧತಿಯಲ್ಲಿ ಬರೆಯುತ್ತವೆ. ಸಂಕಲನಕ್ಕೆ ಅದು ಒಳ್ಳೆಯದೇ, ಆದರೆ ಎಚ್.265 ಎಂದೇ ಇದ್ದರೂ ಪೈಯ ಡಿಕೋಡರ್ ಅದನ್ನು ಬಿಡಿಸುವುದಿಲ್ಲ. ಮತ್ತೆ ಎಸ್‌ಡಬ್ಲ್ಯು ಎಂಬ ಸಾಲನ್ನೇ ನೋಡಬೇಕಾಗುತ್ತದೆ. ಮತ್ತು 46 ಜಿಬಿಯ ಮೂಲ ಫೈಲನ್ನು ದಯವಿಟ್ಟು ಅಳಿಸಬೇಡಿ. ಪ್ರತಿ ಸಲ ಬದಲಿಸುವಾಗಲೂ ಸ್ವಲ್ಪ ವಿವರ ನಷ್ಟವಾಗುತ್ತದೆ, ಮುಂದೊಂದು ದಿನ ಬೇರೆ ರೂಪಕ್ಕೆ ತರಬೇಕಾದರೆ ಮೂಲದಿಂದಲೇ ತರಬೇಕು.

ಪ್ರಶ್ನೆ ಕೇಳಿದವರು

ವೈಟ್‌ಲಿಸ್ಟ್ ಗುರುತು ಮಾಡಿ, ರಿಫ್ರೆಶ್ ರೇಟ್ ಬದಲಿಸಿದೆ. ವಿಡಿಯೊ ಆರಂಭಿಸಿದಾಗ ಪರದೆ ಕಪ್ಪಾಗಿ ಟಿವಿ 25 ಹರ್ಟ್ಸ್‌ಗೆ ಬಂತು. ತೋರಣದ ನಡುಕ ಹೋಗಿದೆ, ಕ್ಯಾಮೆರಾ ತಿರುಗಿದಷ್ಟೂ ಚಪ್ಪರ ಸಮನಾಗಿ ಸರಿಯುತ್ತದೆ. ನಿನ್ನೆ ಸಂಜೆ ಅಜ್ಜಿಗೆ ತೋರಿಸಿದೆವು. ಧಾರೆಯ ಭಾಗ ಬಂದಾಗ ಇನ್ನೊಮ್ಮೆ ಹಾಕು ಎಂದರು, ಹಾಕಿದೆ. ಗಿಂಡಿಯ ನೀರು ತೆಂಗಿನಕಾಯಿಯ ಮೇಲೆ ಬಿದ್ದು ಹರಿವಾಣಕ್ಕೆ ಇಳಿಯುವವರೆಗೂ ಎಳೆ ಕಡಿಯದೆ ಕಂಡಿತು. ಮೂಲ ಫೈಲನ್ನು ಅದೇ ಡಿಸ್ಕಿನಲ್ಲಿ ಇಟ್ಟು, ಇನ್ನೊಂದು ಪ್ರತಿಯನ್ನು ತಂಗಿಯ ಮನೆಗೆ ಕಳಿಸುತ್ತಿದ್ದೇನೆ. ಸಮಯ ಕೊಟ್ಟು ಬಿಡಿಸಿ ಹೇಳಿದ ಮೂವರಿಗೂ ನಮ್ಮ ಮನೆಯವರೆಲ್ಲರ ಕೃತಜ್ಞತೆಗಳು.