ವಿಚ್ಛೇದನದ ನಂತರ ಕೈಗೆ ಬಂದ ಇಡಿಗಂಟು: ಅನುಭವ ಇದ್ದವರು ಹೇಳಿ

ಪ್ರಶ್ನೆ, ವಿಜಯಪುರದಿಂದ:
ಪರಸ್ಪರ ಒಪ್ಪಿಗೆಯ ವಿಚ್ಛೇದನ ಮುಗಿದಿದೆ. ಜೀವನಾಂಶವಾಗಿ ಒಂದೇ ಸಲಕ್ಕೆ 9 ಲಕ್ಷ ಬಂದಿದೆ. ಖಾಸಗಿ ಶಾಲೆಯಲ್ಲಿ 22,000 ಸಂಬಳ, ಏಳು ವರ್ಷದ ಮಗಳು, ಸದ್ಯ ತವರಿನಲ್ಲಿದ್ದೇನೆ. ಮನೆ ಸಾಲದಲ್ಲಿ ನನ್ನ ಹೆಸರು ಇನ್ನೂ ಇದೆ. ಕಂತು ಮಾಜಿ ಗಂಡನೇ ಕಟ್ಟಬೇಕೆಂದು ಒಪ್ಪಂದವಾಗಿದೆ. ಹಣವನ್ನು ಠೇವಣಿ ಇಡಲೇ, ಬೇರೆ ಮನೆ ಮಾಡಲೇ?

ಟಿಳಕವಾಡಿ, ಬೆಳಗಾವಿ:
ಠೇವಣಿಯ ಮಾತು ಆಮೇಲೆ. ಸಾಲದಿಂದ ಹೆಸರು ತೆಗೆಸುವ ಕೆಲಸ ಮೊದಲು. ನಮ್ಮ ತೀರ್ಪಿನಲ್ಲೂ ಕಂತು ಅವರದೇ ಎಂದಿತ್ತು. 17,840 ರೂಪಾಯಿಯ ಕಂತನ್ನು ಮೂರು ತಿಂಗಳು ಕಟ್ಟಲಿಲ್ಲ. ಬ್ಯಾಂಕಿನಿಂದ ಕರೆ ಬಂದದ್ದು ನನಗೆ. ಆದೇಶದ ಪ್ರತಿ ಹಿಡಿದುಕೊಂಡು ಹೋದರೆ ಮ್ಯಾನೇಜರು ಪೂರ್ತಿ ಓದಿ, ಮಡಚಿ, ನನ್ನ ಕಡೆ ಸರಿಸಿದರು: "ಇದು ನಿಮ್ಮಿಬ್ಬರ ನಡುವಿನ ಮಾತು ಮೇಡಂ. ಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದೀರಿ." ಬಾಕಿ 53,520, ಅದರ ಮೇಲೆ ದಂಡ, ವಕೀಲರ ನೋಟಿಸಿಗೆ 4,000. ಸಾಲ ಕೊಡುವ ಮುನ್ನ ಬ್ಯಾಂಕುಗಳು ನೋಡುವ ಸಿಬಿಲ್ ಅಂಕ 768ರಿಂದ 641ಕ್ಕೆ ಇಳಿದು ಸ್ಕೂಟರ್ ಸಾಲವೂ ಸಿಗಲಿಲ್ಲ. ಅವರ ತಮ್ಮನನ್ನು ಸಹ-ಸಾಲಗಾರನನ್ನಾಗಿ ಸೇರಿಸಿ ಸಾಲವನ್ನು ಹೊಸದಾಗಿ ಬರೆಸಿದ ಮೇಲೆಯೇ ನನ್ನ ಹೆಸರು ಹೋಯಿತು. ಮನೆಯಲ್ಲಿನ ನನ್ನ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದು ಅದಾದ ನಂತರವೇ. ಮೊದಲೇ ಹಾಕಿದ್ದರೆ ಮನೆ ಅವರದು, ಸಾಲ ನನ್ನದು ಆಗುತ್ತಿತ್ತು.

ಮುಧೋಳದ ರೈತ:
ಒಂದೇ ಸಲಕ್ಕೆ ಮುಗಿಸಿದ್ದು ಒಳ್ಳೆಯದಾಯಿತು ತಂಗಿ. ನಾನು ಕೊಡುವ ಕಡೆಯವನು. ಮೊದಲು ತಿಂಗಳಿಗೆ 8,000 ಎಂದಾಗಿತ್ತು. ರೈತನಿಗೆ ತಿಂಗಳ ಸಂಬಳ ಎಲ್ಲಿದೆ? ಕಬ್ಬು ಕಳಿಸಿದ 14 ದಿನಗಳಲ್ಲಿ ಹಣ ಕೊಡಬೇಕೆಂದು ಕಾನೂನಿದೆ. ನಾನು ಕಬ್ಬು ಹಾಕಿದ ಕಾರ್ಖಾನೆ ಮುಂದಿನ ಹಂಗಾಮಿನವರೆಗೆ ಎಳೆಯಿತು. ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ ಕೈಗಡ ತಂದು ಜೀವನಾಂಶ ಕಟ್ಟಿದೆ. ಕೊನೆಗೆ ಕಾಲುವೆ ಪಕ್ಕದ ಒಂದು ಎಕರೆ ಮಾರಿ, ಪೂರ್ತಿ ಕೊಟ್ಟು, ರಾಜಿ ಮಾಡಿಕೊಂಡೆ. ಹೊಲ ಹೋದ ಸಂಕಟ ಇನ್ನೂ ಆರಿಲ್ಲ. ಆದರೆ ಯಾರ ಬಾಕಿಯನ್ನೂ ಉಳಿಸಿಕೊಂಡಿಲ್ಲ.

ಇಳಕಲ್:
ಅಣ್ಣಾವರೇ, ಕಬ್ಬಿನ ಬಿಲ್ಲು ತಡವಾದರೆ ಮಕ್ಕಳ ಹೊಟ್ಟೆಯೂ ತಡವಾಗಿ ಹಸಿಯುತ್ತದೆಯೇ? ನನಗೆ ಬರಬೇಕಾದದ್ದು ತಿಂಗಳಿಗೆ 6,000. ಬಾಕಿ ಬಿದ್ದರೆ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ನಮ್ಮ ವಕೀಲರು ಇಂದು ನಾಳೆ ಎಂದು ದೂಡಿದ್ದಕ್ಕೆ ಐದು ತಿಂಗಳ 30,000 ಕೈತಪ್ಪಿತು. ಫೀಸು ಮಾತ್ರ ಮುಂಗಡ! ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ. ಇಷ್ಟಾದರೂ ತಿಂಗಳ ಜೀವನಾಂಶವೇ ಮೇಲು ಎನ್ನುತ್ತೇನೆ. ಇಡಿಗಂಟು ಬಂದರೆ ತವರಿನವರ ಕಣ್ಣೆಲ್ಲ ಅದರ ಮೇಲೆ. ನಮ್ಮ ಅಕ್ಕನ 7 ಲಕ್ಷ ಅಣ್ಣನ ಟ್ರ್ಯಾಕ್ಟರ್ ಆಗಿ ಅಂಗಳದಲ್ಲಿ ನಿಂತಿದೆ.

ಮುಧೋಳದ ರೈತ:
ಕೊಟ್ಟು ಮುಗಿಸಿದವನನ್ನೇ ಬೈಯುವುದು ಯಾವ ನ್ಯಾಯ? ಬಾಕಿ ಇಟ್ಟವನನ್ನು ಕೇಳಿ. ಮದುವೆಯಲ್ಲಿ ನಾವು ಹಾಕಿದ ನಾಲ್ಕು ತೊಲೆ ಬಂಗಾರವೂ ಅವರ ಬಳಿಯೇ ಇದೆ.

ಟಿಳಕವಾಡಿ, ಬೆಳಗಾವಿ:
ಹೆಣ್ಣಿಗೆ ಹಾಕಿದ್ದು ಸ್ತ್ರೀಧನ. ಹಾಕಿದವರು ನೀವಾದರೂ ಅದು ಅವರದೇ. ಕೊಟ್ಟ ಹಣದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ನವನಗರ, ಬಾಗಲಕೋಟೆ:
ಜಗಳ ಸಾಕು. ಅಕ್ಕಾ, ಇಡಿಗಂಟಿಗೆ ಸಾಮಾನ್ಯವಾಗಿ ಆದಾಯ ತೆರಿಗೆ ಇಲ್ಲ. ಠೇವಣಿ ಇಟ್ಟರೆ ಬರುವ ಬಡ್ಡಿ ಮಾತ್ರ ಆದಾಯದ ಲೆಕ್ಕಕ್ಕೆ ಸೇರುತ್ತದೆ. ವಿಮೆಯಲ್ಲಿ ನಾಮಿನಿ ತಾನಾಗಿ ಬದಲಾಗುವುದಿಲ್ಲ, ಹೋಗಿ ಬರೆಸಿ. ಗೃಹಲಕ್ಷ್ಮಿಯ 2,000 ನಂಬಿಕೊಂಡು ಬಾಡಿಗೆ ಮನೆ ಹಿಡಿಯಬೇಡಿ. ತವರಿನ ಪಡಿತರ ಚೀಟಿಯಲ್ಲಿ ಯಜಮಾನಿ ನಮ್ಮ ತಾಯಿ, ಹಣ ಅವರಿಗೆ. ಹಳೆಯ ಚೀಟಿಯಿಂದ ನನ್ನ ಹೆಸರು ತೆಗೆಸಲು ಅತ್ತೆಯೇ ಬರಬೇಕೆಂದರು, ಅತ್ತೆ ಬರಲಿಲ್ಲ.

ಇಳಕಲ್:
ಗೃಹಲಕ್ಷ್ಮಿ ಬೇಡವೆನ್ನಲು ನೀವು ಯಾರು? ನನ್ನ ಮಗನ ಟ್ಯೂಷನ್ ನಡೆಯುವುದೇ ಆ ಹಣದಲ್ಲಿ.

ನವನಗರ, ಬಾಗಲಕೋಟೆ:
ಬೇಡವೆಂದು ಎಲ್ಲಿ ಹೇಳಿದೆ? ಅದನ್ನು ನಂಬಿ ಬಾಡಿಗೆ ಹಿಡಿಯಬೇಡಿ ಎಂದೆ. ಮತ್ತೊಮ್ಮೆ ಓದಿ.